ಮಗ್ಗದ ಮೇಸ್ತ್ರಿಯ ತಟ್ಟೆ ಕುಂಟೆ

ನನಗೆ ಸೊಟ್ಟ ಕಂಡರೆ ಆಗುವುದಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಕ್ಯಾಲೆಂಡರ್ ಓರೆಯಾಗಿದ್ದರೆ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಎದ್ದು ಹೋಗಿ ಅದನ್ನು ನೆಟ್ಟಗೆ ಮಾಡಿ ಬಂದು ಕೂರುತ್ತೇನೆ. ಹುಟ್ಟಿನಿಂದ ಬಂದ ಗುಣವಲ್ಲ ಇದು, ಕೆಲಸದಿಂದ ಬಂದದ್ದು. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷದಿಂದ ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಮಗ್ಗದಲ್ಲಿ ಒಂದು ಶಾಫ್ಟು ಕೂದಲೆಳೆಯಷ್ಟು ಓರೆಯಾದರೂ ಲಾಳಿ ಹಾರಿ ಹೋಗಿ ನೇಯುವವರ ಮುಖಕ್ಕೆ ಬಡಿಯುತ್ತದೆ. ಹಾಗಾಗಿ ದಾರ ಕಟ್ಟಿ, ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಎಲ್ಲ ನೇರವಾದ ಮೇಲೆಯೇ ನಾನು ಸ್ವಿಚ್ ಒತ್ತಲು ಬಿಡುವುದು.

ನಮ್ಮ ಕೇರಿಯಲ್ಲಿ ನಡೆದು ಹೋಗುವಾಗ ಮಗ್ಗದ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ರಸ್ತೆಯಿಂದಲೇ ಹೇಳಬಲ್ಲೆ. ಇವನಿಗೆ ಜಂಬ ಜಾಸ್ತಿ ಅಂದುಕೊಂಡಿರಾ? ಅಂದುಕೊಳ್ಳಿ. ನಾನೀಗ ಹೇಳಹೊರಟಿರುವುದೇ ಜಂಬದ ಸಂಗತಿ. ನಡುವೆ ಒಂದು ಸಲ ತಲೆ ತಗ್ಗಿಸಬೇಕಾಗಿ ಬಂತು, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಅಕ್ಕನ ಊರು ನಮ್ಮಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಎಂಟನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು ಜಗಲಿ ಮೇಲೆ ಕೂತಿದ್ದ ನನ್ನನ್ನು ರಟ್ಟೆ ಹಿಡಿದು ಬಸ್ಸು ಹತ್ತಿಸಿ, ಮಗ್ಗದ ಶೆಡ್ಡೊಂದರಲ್ಲಿ ಬಿಟ್ಟು, "ಇವನಿಗೆ ಓದು ಹತ್ತಲ್ಲ, ಕೈ ಚುರುಕೈತೆ, ಕೆಲಸ ಕಲಿಸಿ" ಎಂದು ಹೇಳಿ ಹೋದವಳು ಅವಳೇ. ಅಕ್ಕನಿಗೆ ಇರುವುದು ಒಂದೂಕಾಲು ಎಕರೆ ಕೆಂಪು ನೆಲ. ಅದರಲ್ಲಿ ಪ್ರತಿ ವರ್ಷ ರಾಗಿ ಬೆಳೆದು ನಮ್ಮ ಮನೆಗೂ ಮೂಟೆ ಕಳಿಸುತ್ತಿದ್ದಳು. ನನ್ನ ಮಕ್ಕಳು ಬೆಳೆದದ್ದು ಆ ನೆಲದ ಮುದ್ದೆ ತಿಂದೇ.

ಆ ನೆಲದ ಮುಂಭಾಗದ ಜಮೀನೆಲ್ಲ ಕೆಲವು ವರ್ಷಗಳ ಹಿಂದೆ ಲೇಔಟ್ ಆಯಿತು. ಎರಡು ಕಾಂಪೌಂಡುಗಳು ಎದ್ದವು. ಅವುಗಳ ನಡುವೆ ಒಂದು ಸಣ್ಣ ಓಣಿ, ಓಣಿಯ ತುದಿಯಲ್ಲಿ ಮೋರಿ, ಮೋರಿಯ ಪಕ್ಕ ಮೊಣಕೈಯಂಥ ತಿರುವು. ಅದನ್ನು ದಾಟಿದರೆ ಅಕ್ಕನ ಹೊಲ. ಎತ್ತುಗಳಿದ್ದಷ್ಟು ದಿನ ಹೇಗೋ ಉಳುಮೆ ನಡೆಯಿತು, ಊರಿನಲ್ಲಿ ಈಗ ಒಂದು ಜೊತೆ ಎತ್ತೂ ಇಲ್ಲ. ಟ್ರ್ಯಾಕ್ಟರಿನವನು ಬಂದ, ಓಣಿಯ ಬಾಯಲ್ಲಿ ನಿಂತು ನೋಡಿದ.

"ಅಕ್ಕಾ, ಇದ್ರಲ್ಲಿ ತಲೆ ಹೋದ್ರೂ ಬಾಲ ಹೋಗಲ್ಲ" ಎಂದು ಹೇಳಿ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ. ಬಾಲ ಎಂದರೆ ಹಿಂದೆ ಕಟ್ಟಿದ್ದ ಡಿಸ್ಕು. ದೊಡ್ಡ ದೊಡ್ಡ ಉಕ್ಕಿನ ತಟ್ಟೆಗಳನ್ನು ಸಾಲಾಗಿ ಪೋಣಿಸಿದ ಕುಂಟೆ. ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರಿನವನೂ ಬಂದು ಗರಿಕೆ ನೋಡಿ, "ಇದು ನನ್ನ ತೋಳು ಕೀಳ್ತದೆ" ಅಂದು ಹೊರಟುಹೋದ. ಹೀಗಾಗಿ ಹೋದ ವರ್ಷ ಆ ನೆಲ ಬೀಳುಬಿತ್ತು. ಮದುವೆಯಾದ ಮೇಲೆ ಮೊದಲನೇ ಸಲ ನನ್ನ ಹೆಂಡತಿ ಅಂಗಡಿಯ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದಳು. ಯಾರೂ ಎರಡನೇ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಲೇಔಟಿನ ಯಜಮಾನರು ಒಳ್ಳೆಯ ಮಾತಿನ ಮನುಷ್ಯ. ಹಬ್ಬಕ್ಕೆ ಸ್ವೀಟು ಬಾಕ್ಸು ಹಿಡಿದುಕೊಂಡು ಅಕ್ಕನ ಮನೆಗೆ ಬರುತ್ತಿದ್ದರು. "ಆ ಖಾಲಿ ಜಾಗ ನಮಗೆ ಲೀಸಿಗೆ ಕೊಡಿಯಮ್ಮ, ಲಾರಿ ನಿಲ್ಲಿಸ್ಕೋತೀವಿ. ಕಾಂಪೌಂಡು ನಂದೇ ಅಲ್ವಾ, ಒಡೆದು ದಾರಿ ಮಾಡ್ಕೋತೀನಿ" ಎನ್ನುತ್ತಿದ್ದರು. ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಕ್ಕನ ಮಗನೂ "ಕೊಟ್ಬಿಡಮ್ಮ, ಸುಮ್ನೆ ಹಾವು ಚೇಳು ಸೇರ್ಕೊಳ್ತವೆ" ಎಂದ. ಅಕ್ಕ ಒಂದು ಮಾತು ಕೊಟ್ಟುಬಿಟ್ಟಳು: ಪುಷ್ಯ ಮಳೆ ಮುಗಿಯುವುದರೊಳಗೆ ಬಿತ್ತನೆ ಆದರೆ ಸರಿ, ಆಗದಿದ್ದರೆ ಪೇಪರ್ ತನ್ನಿ, ಸೈನು ಹಾಕುತ್ತೇನೆ. ಅಕ್ಕ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಆ ಸುದ್ದಿ ನನಗೆ ಸಿಕ್ಕಿದ್ದು ಅಕ್ಕನ ಮನೆಯ ಜಗಲಿಯ ಮೇಲೆಯೇ. ಅವತ್ತು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದವನು ನನ್ನ ಗೆಳೆಯ. ಅವನದು ಅವರಪ್ಪನ ಕಾಲದ ಜೀಪು. ಅದರಲ್ಲಿ ಅಂಗಡಿಯಿಂದ ಶೆಡ್ಡುಗಳಿಗೆ ನೂಲಿನ ಮೂಟೆ ಸಾಗಿಸುತ್ತಾನೆ. ಹೆಂಡತಿಯ ಹುಟ್ಟುಹಬ್ಬ ಮರೆತರೂ ಜೀಪಿನ ಆಯಿಲ್ ಬದಲಿಸುವುದನ್ನು ಮರೆಯುವವನಲ್ಲ. ಅಕ್ಕ ಸಂಕಟ ಹೇಳಿಕೊಳ್ಳುತ್ತಿರುವಾಗ ಅವನು ಬೇಜಾರು ಕಳೆಯಲು ಜೀಪು ತೆಗೆದುಕೊಂಡು ಓಣಿಯಲ್ಲಿ ಹೋಗಿ, ಮೋರಿಯ ತಿರುವು ದಾಟಿ, ಹೊಲದಲ್ಲಿ ಒಂದು ಸುತ್ತು ಹೊಡೆದು ವಾಪಸ್ಸು ಬಂದ.

"ಎಲ್ಲಿಗೋ ಹೋಗಿದ್ದೆ?" ಎಂದೆ.

"ಹೊಲ ನೋಡ್ಕೊಂಡ್ ಬಂದೆ ಗುರು. ನನ್ ಗಾಡಿಗೆ ನಾಕೂ ಚಕ್ರಕ್ಕೆ ಪವರ್ ಹೋಯ್ತದೆ, ಏನ್ ತಿಳ್ಕೊಂಡಿದೀಯ?"

ನಾನು ಅಕ್ಕನ ಕಡೆ ನೋಡಿದೆ. ಜೀಪು ಹೋಗುತ್ತದೆ ಎಂದರೆ ಅದರ ಹಿಂದೆ ಹೋಗುವ ಅಗಲಕ್ಕೆ ಒಂದು ಡಿಸ್ಕು ಇದ್ದರೆ ಸಾಕು. ಪೇಟೆಯಲ್ಲಿ ಅಂಥದ್ದು ಸಿಗುವುದಿಲ್ಲ, ನನಗೆ ಗೊತ್ತು. ಆದರೆ ನನ್ನ ಎರಡು ಕೈ ಇದ್ದವಲ್ಲ. "ಅಕ್ಕ, ಬೀಜ ರೆಡಿ ಮಾಡ್ಕೊ. ನಾನು ಮಾಡ್ಕೊಂಡ್ ಬರ್ತೀನಿ" ಎಂದು ಎದ್ದೇಬಿಟ್ಟೆ. ಅಕ್ಕ ನನ್ನನ್ನು ಮಗ್ಗದ ಶೆಡ್ಡಿಗೆ ಬಿಟ್ಟುಬಂದ ದಿನ ನೋಡಿದ ಹಾಗೆಯೇ ಒಮ್ಮೆ ನೋಡಿದಳು.

ನನ್ನೊಳಗೆ ಇನ್ನೊಂದು ಆಸೆಯೂ ಇತ್ತು. ಪ್ರತಿ ಮಗ್ಗದ ಮೈಮೇಲೂ ಅದನ್ನು ಎರಕ ಹೊಯ್ದವರ ಹೆಸರು ಉಬ್ಬಿಕೊಂಡಿರುತ್ತದೆ. ಮೂವತ್ತು ವರ್ಷ ಆ ಹೆಸರುಗಳ ಮೇಲಿನ ಧೂಳು ಒರೆಸಿದ್ದೇನೆ, ಎಣ್ಣೆ ಬಿಟ್ಟಿದ್ದೇನೆ. ನಾನು ಓಡಿಸಿದ್ದೆಲ್ಲ ಇನ್ನೊಬ್ಬರು ಮಾಡಿದ ಯಂತ್ರವೇ. ಇದು ನಾನೇ ಮಾಡಿದ್ದು ಎಂದು ಬೆರಳು ತೋರಿಸುವಂಥದ್ದು ಒಂದೂ ಇರಲಿಲ್ಲ.

ಮಾರನೆಯ ದಿನವೇ ಗೆಳೆಯನ ಜೀಪಿನಲ್ಲಿ ಗುಜರಿಗೆ ಹೋದೆ. ಟ್ರ್ಯಾಕ್ಟರಿನವರು ಸವೆದವೆಂದು ಎಸೆದ ತಟ್ಟೆಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ದೊಡ್ಡ ಗಾಡಿಗೆ ಸವೆದದ್ದು ಜೀಪಿಗೆ ಹೇಳಿ ಮಾಡಿಸಿದ ಅಳತೆ. ಎಂಟು ಆರಿಸಿಕೊಂಡೆ. ಗುಜರಿಯವರು ಅಂಚು ಚಕ್ಕೆಯೆದ್ದ ಇನ್ನೊಂದನ್ನೂ ಗಾಡಿಗೆ ಎಸೆದು, "ಇದ್ಕೂ ಇಟ್ಕೊಳ್ಳಿ ಭಾಯ್, ಎಲ್ಲಾದ್ರೂ ಕೆಲ್ಸಕ್ಕೆ ಬರ್ತದೆ" ಎಂದರು. ಫ್ರೇಮಿಗೆ ಗಟ್ಟಿಯಾದ ಕಬ್ಬಿಣ ಬೇಕಿತ್ತು. ಗಾಳಿಗೆ ಬಿದ್ದ ಒಂದು ದೊಡ್ಡ ಬೋರ್ಡಿನ ಚಾನೆಲ್ ಕಂಬಗಳು ಅಲ್ಲೇ ಸಿಕ್ಕವು. ಅವಕ್ಕೆ ಅಂಟಿಕೊಂಡಿದ್ದ ತಗಡಿನ ಮೇಲೆ ಇನ್ನೂ 'ಸೈಟುಗಳು ಮಾರಾಟಕ್ಕಿವೆ' ಎಂಬ ಅಕ್ಷರ ಕಾಣುತ್ತಿತ್ತು. ನೋಡಿ ನಗು ಬಂತು.

ಮಿಕ್ಕಿದ್ದೆಲ್ಲ ಮಗ್ಗದಿಂದ ಬಂತು. ನಮ್ಮ ಕೇರಿಯಲ್ಲಿ ಹಳೆಯ ಮಗ್ಗಗಳನ್ನು ಬಿಚ್ಚಿ ಹಾಕುತ್ತಿರುವ ಕಾಲ ಇದು. ನನ್ನ ಶೆಡ್ಡಿನ ಅಟ್ಟದ ತುಂಬ ಬಿಡಿಭಾಗಗಳೇ. ತಟ್ಟೆಯ ನಡುವಿನ ತೂತು ಚೌಕವಾಗಿರುತ್ತದೆ, ಹಾಗಾಗಿ ಎರಡು ಚೌಕ ಸಲಾಕೆ ತಂದು, ತುದಿಗಳನ್ನು ಲೇತಿನಲ್ಲಿ ಗುಂಡಗೆ ಕಡೆಸಿ, ಮಗ್ಗದ ಬೇರಿಂಗಿನೊಳಗೆ ಕೂರಿಸಿದೆ. ಎಡಕ್ಕೊಂದು ಬಲಕ್ಕೊಂದು ಸಲಾಕೆ, ಒಂದೊಂದಕ್ಕೆ ನಾಲ್ಕು ತಟ್ಟೆ, ನಡುನಡುವೆ ಪೈಪಿನ ತುಂಡು. ಬೇರಿಂಗಿಗೆ ಮಣ್ಣು ನುಗ್ಗದಂತೆ ಲಾಳಿ ಹೊಡೆಯುವ ಚರ್ಮದ ಪಟ್ಟಿಯನ್ನು ಕತ್ತರಿಸಿ ಸುತ್ತಿದೆ. ಇದನ್ನು ಯಾವ ಕಂಪನಿಯವನೂ ಯೋಚಿಸಿರಲಾರ. ಹಾಸುನೂಲು ಬಿಗಿಯಾಗಿರಲೆಂದು ಮಗ್ಗದ ಬೀಮಿಗೆ ತೂಗುಹಾಕುವ ಎರಕದ ಬಿಲ್ಲೆಗಳಿವೆಯಲ್ಲ, ಅವನ್ನು ಫ್ರೇಮಿನ ಮೇಲೆ ಸಾಲಾಗಿ ಪೇರಿಸಿ ಬೋಲ್ಟು ಹಾಕಿದೆ. ಭಾರವಿಲ್ಲದಿದ್ದರೆ ತಟ್ಟೆ ನೆಲಕ್ಕೆ ಇಳಿಯುವುದಿಲ್ಲ. ಓಣಿಯಲ್ಲಿ ಎಳೆದುಕೊಂಡು ಹೋಗಲು ಹಳೆಯ ಸ್ಕೂಟರಿನ ಎರಡು ಚಕ್ರ. ಹೊಲಕ್ಕೆ ಹೋದ ಮೇಲೆ ಅವನ್ನು ಮೇಲಕ್ಕೆ ಮಡಚಬಹುದು.

ಈಗ ತಲೆ ತಗ್ಗಿಸುವ ಸಂಗತಿಗೆ ಬಂದೆ. ಕೆಲಸ ಶುರುಮಾಡುವ ಮುಂಚೆ ಅಳತೆ ತೆಗೆದುಕೊಳ್ಳಲು ಆ ಟ್ರ್ಯಾಕ್ಟರಿನವನ ಅಂಗಳಕ್ಕೆ ಹೋಗಿದ್ದೆ. ಡಿಸ್ಕು ಅಲ್ಲೇ ನಿಂತಿತ್ತು. ಟೇಪು ಹಿಡಿದು ತಟ್ಟೆಯಿಂದ ತಟ್ಟೆಗೆ, ಫ್ರೇಮಿನಿಂದ ನೆಲಕ್ಕೆ, ಎಲ್ಲ ಬರೆದುಕೊಂಡೆ. ಒಂದು ಕಣ್ಣು ಮುಚ್ಚಿ ನೋಡಿದರೆ ತಟ್ಟೆಯ ಎರಡು ಸಾಲುಗಳೂ ಓರೆಯಾಗಿ ನಿಂತಿವೆ! ಪಾಪ, ಕಲ್ಲಿಗೆ ಬಡಿದು ಬಡಿದು ಬಗ್ಗಿಹೋಗಿದೆ ಅಂದುಕೊಂಡೆ. ಅಂದುಕೊಂಡು ಸುಮ್ಮನಿರಬಹುದಿತ್ತು.

"ನಿನ್ ಡಿಸ್ಕು ಪೂರಾ ಸೊಟ್ಟಗಾಗೈತೆ ಕಣೋ" ಎಂದು ಅವನಿಗೆ ಕೇಳುವಂತೆ ಕೂಗಿದೆ. "ಬಿಡುವಾದಾಗ ನನ್ ಶೆಡ್ಡಿಗೆ ತಗೊಂಡ್ಬಾ, ನೇರ ಮಾಡ್ಕೊಡ್ತೀನಿ."

ಅವನು ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು "ಆಯ್ತು ಗುರು, ತರ್ತೀನಿ" ಎಂದು ನಕ್ಕ. ನಾನು ಆ ನಗುವಿನ ಬಗ್ಗೆ ಯೋಚಿಸಲಿಲ್ಲ.

ನನ್ನದು ಹಾಗಿರಬಾರದೆಂದು ನನ್ನ ಡಿಸ್ಕಿನ ಎರಡೂ ಸಾಲುಗಳನ್ನು ದಾರ ಕಟ್ಟಿ, ರಸಮಟ್ಟ ಇಟ್ಟು, ಒಂದೇ ಗೆರೆಗೆ ತಂದು ಬೆಸುಗೆ ಹಾಕಿದೆ. ಅಂಥ ನೇರವನ್ನು ನೀವು ಯಾವ ಮಗ್ಗದಲ್ಲೂ ಕಂಡಿರಲಾರಿರಿ. ಕೈಯಲ್ಲಿ ತಿರುಗಿಸಿದರೆ ಎಂಟೂ ತಟ್ಟೆಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಅಕ್ಕಪಕ್ಕದ ಶೆಡ್ಡಿನ ನೇಕಾರರೆಲ್ಲ ಬಂದು ನೋಡಿ ಹೋದರು. ಫ್ರೇಮಿನ ಮೇಲೆ ಬೆಸುಗೆಯಲ್ಲೇ ನನ್ನ ಹೆಸರು ಬರೆಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಕೂಡ ಹಾಕಿದ್ದೆ. ಹೊಲದಲ್ಲಿ ಒಂದು ಸಾಲು ಹೊಡೆದಮೇಲೆ ಬರೆದರಾಯಿತು ಎಂದು ಬಿಟ್ಟದ್ದು ನನ್ನ ಪುಣ್ಯ.

ಪುನರ್ವಸು ಮಳೆ ಎರಡು ಸಲ ಚೆನ್ನಾಗಿ ಹುಯ್ದು ನೆಲ ಹದಕ್ಕೆ ಬಂದಿತ್ತು. ಒಂದು ಭಾನುವಾರ ಬೆಳಗ್ಗೆ ಜೀಪಿನ ಹಿಂದೆ ಕಟ್ಟಿಕೊಂಡು ಹೋದೆವು. ಓಣಿಯಲ್ಲಿ ತಲೆಯೂ ಹೋಯಿತು, ಬಾಲವೂ ಹೋಯಿತು. ಮೋರಿಯ ತಿರುವಿನಲ್ಲಿ ಕಾಂಪೌಂಡಿಗೂ ನಮಗೂ ಒಂದು ಗೇಣು ಉಳಿದಿತ್ತು. ಅಕ್ಕ ಮೂರು ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿ, ತಟ್ಟೆಗಳಿಗೆಲ್ಲ ಅರಿಸಿನ ಕುಂಕುಮ ಇಟ್ಟಳು. ಗೆಳೆಯ ಲೋ ಗೇರು ಹಾಕಿದ. ಜೀಪು ಹೊರಟಿತು, ತಟ್ಟೆಗಳು ತಿರುಗಿದವು, ನಾನು ಪಕ್ಕದಲ್ಲಿ ಎದೆಯುಬ್ಬಿಸಿ ನಡೆದೆ.

ಹೊಲದ ಆ ತುದಿಗೆ ಹೋಗಿ ಹಿಂತಿರುಗಿ ನೋಡಿದರೆ ನೆಲದ ಮೇಲೆ ಎಂಟು ಗೆರೆ. ಬರೀ ಎಂಟು ಗೆರೆ. ಸೀರೆಗೆ ಹಾಸು ಹಾಕಿದ ಹಾಗೆ, ಒಂದಕ್ಕೊಂದು ಸಮನಾಗಿ, ನೇರವಾಗಿ. ನಡುವಿನ ಗರಿಕೆ ಅಲ್ಲಾಡಿರಲಿಲ್ಲ, ಒಂದು ಹೆಂಟೆಯೂ ಮಗುಚಿರಲಿಲ್ಲ. ಭಾರ ಸಾಲದೇನೋ ಎಂದು ಫ್ರೇಮಿನ ಮೇಲೆ ನಾನೇ ಹತ್ತಿ ನಿಂತೆ. ಗೆರೆ ಇನ್ನೊಂದು ಬೆರಳು ಆಳವಾಯಿತು, ಅಷ್ಟೇ. ಇನ್ನೂ ಎರಡು ಸುತ್ತು ಹೊಡೆದೆವು. ಗೆಳೆಯ ಜೀಪು ನಿಲ್ಲಿಸಿ ಇಳಿದು ಬಂದ.

"ಗುರು, ಇದು ಉಳೋದೋ, ರೂಲು ಎಳೆಯೋದೋ?"

ನನಗೆ ರಕ್ತ ನೆತ್ತಿಗೇರಿತು. "ನಿನ್ ಡಬ್ಬ ಗಾಡೀಲಿ ದಮ್ಮಿಲ್ಲ" ಎಂದೆ. ಅವನ ಜೀಪಿಗೆ ಅಂಥ ಮಾತು ಆಡಬಾರದಿತ್ತು. ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡು ಹೊಂಗೆಯ ನೆರಳಿಗೆ ಹೋಗಿ ಕೂತುಬಿಟ್ಟ. ಅಕ್ಕ ಬದುವಿನ ಮೇಲೆ ಕುಳಿತು ಇದೆಲ್ಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ನಿರಾಸೆ. ಪುಷ್ಯ ಮಳೆ ಹುಟ್ಟಲು ಮೂರೇ ದಿನ ಇತ್ತು, ಅದು ಹುಟ್ಟಿದರೆ ಎರಡು ವಾರದ ಲೆಕ್ಕ. ನನಗೆ ಅಳು ಬರುವ ಹಾಗಾಯಿತು.

ಅಕ್ಕ ಎದ್ದು ಬಂದಳು. ಜೀಪಿನಲ್ಲಿ ಬಿದ್ದಿದ್ದ ಅಂಚು ಮುರಿದ ಒಂಬತ್ತನೇ ತಟ್ಟೆಯನ್ನು ಎತ್ತಿಕೊಂಡಳು. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದನ್ನು ನೆಟ್ಟಗೆ ನೆಲಕ್ಕೆ ಒತ್ತಿ ತನ್ನ ಕಡೆಗೆ ಎಳೆದಳು. ಒಂದು ಗೆರೆ ಮೂಡಿತು. ಆಮೇಲೆ ತಟ್ಟೆಯನ್ನು ತುಸು ಓರೆಗೆ ತಿರುಗಿಸಿ ಮತ್ತೆ ಎಳೆದಳು. ಮಣ್ಣು ತಟ್ಟೆಯ ಹೊಟ್ಟೆಯೊಳಗೆ ಏರಿ, ಹೊರಳಿ, ಪಕ್ಕಕ್ಕೆ ಬಿತ್ತು. ಗರಿಕೆಯ ಬೇರು ಬಿಸಿಲು ಕಂಡಿತು.

"ಸೌಟಲ್ಲಿ ಪಾತ್ರೆ ತಳ ಕೆರೆಯೋವಾಗ ನೆಟ್ಟಗೆ ಹಿಡೀತಾರೇನೋ? ಓರೆ ಹಿಡಿದ್ರೆ ತಾನೇ ಬರೋದು?" ಎಂದಳು. ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. "ನೀನು ಎಲ್ಲಾನೂ ನೇರ ಮಾಡೋಕೋಗ್ತೀಯ. ಚಿಕ್ಕೋನಿದ್ದಾಗಿಂದ್ಲೂ ಅಷ್ಟೇ."

ಟ್ರ್ಯಾಕ್ಟರಿನವನ ನಗು ಆಗ ನನಗೆ ಅರ್ಥವಾಯಿತು. ಅವನ ಡಿಸ್ಕು ಸೊಟ್ಟಗಾಗಿರಲಿಲ್ಲ. ಅದು ಇರಬೇಕಾದದ್ದೇ ಹಾಗೆ. ಯಂತ್ರ ಮಾಡಿದವರು ಬುದ್ಧಿಯಿಂದ ಓರೆ ಇಟ್ಟಿದ್ದನ್ನು ನಾನು ಸರಿಮಾಡಿಕೊಡುತ್ತೇನೆ ಎಂದು ಕೂಗಿ ಹೇಳಿ ಬಂದಿದ್ದೆ! ನಾಚಿಕೆಯಿಂದ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿ ಮನೆಗೆ ಬಂದೆ. ಮಧ್ಯಾಹ್ನದ ಊಟ ಬಿಟ್ಟೆ. ಗೋಡೆಯ ಕ್ಯಾಲೆಂಡರ್ ಎಂದಿನಂತೆ ನೆಟ್ಟಗೆ ನೇತಾಡುತ್ತಿತ್ತು. ಅದನ್ನು ನೋಡಿದರೂ ಸಿಟ್ಟು ಬರುತ್ತಿತ್ತು.

ಗೆಳೆಯ ಅವತ್ತು ಸಂಜೆ ಡಿಸ್ಕನ್ನು ಎಳೆದುಕೊಂಡು ಬಂದು ನನ್ನ ಶೆಡ್ಡಿನ ಮುಂದೆ ಬಿಟ್ಟ. "ಡಬ್ಬ ಗಾಡೀಲೇ ತಂದಿದೀನಿ, ನೋಡ್ಕೊ" ಎಂದ. ಒಳಗೆ ಕರೆದು ಟೀ ಕುಡಿಸಿದೆ. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ನಮ್ಮಿಬ್ಬರ ನಡುವೆ ನಡೆಯುವುದಿಲ್ಲ.

ಮಾರನೆಯ ಬೆಳಗ್ಗೆ ನನ್ನ ಬೆಸುಗೆಯನ್ನು ನಾನೇ ಕತ್ತರಿಸಿದೆ. ಅಷ್ಟು ಚೆಂದದ ಬೆಸುಗೆ. ಎರಡೂ ಸಾಲುಗಳ ಒಳತುದಿಯನ್ನು ಒಂದು ಗೂಟದ ಮೇಲೆ ತಿರುಗುವಂತೆ ಬಿಟ್ಟೆ. ಹೊರತುದಿಗೆ ಮೂರು ತೂತಿನ ದಪ್ಪ ಪಟ್ಟಿ ಹಾಕಿದೆ. ಯಾವ ತೂತಿಗೆ ಪಿನ್ನು ಹಾಕುತ್ತೀರೋ ಅಷ್ಟು ಓರೆ. ಕೊನೆಯ ತೂತಿನಲ್ಲಿ ಹೊರತುದಿ ಒಂದು ಗೇಣು ಮುಂದಕ್ಕೆ ಬರುತ್ತದೆ. ಆದರೆ ನನ್ನ ಗುಣ ಎಲ್ಲಿ ಬಿಟ್ಟೀತು? ಎಡಗಡೆಯ ಓರೆಗೂ ಬಲಗಡೆಯ ಓರೆಗೂ ನೂಲೆಳೆಯಷ್ಟೂ ವ್ಯತ್ಯಾಸ ಬರದಂತೆ ದಾರ ಕಟ್ಟಿಯೇ ನೋಡಿದೆ. ಎರಡೂ ಕಡೆ ಸಮನಾಗಿ ಮಣ್ಣು ಎಸೆದರೆ ತಾನೇ ಜೀಪು ಒಂದು ಪಕ್ಕಕ್ಕೆ ಎಳೆಯದೆ ಹೋಗುವುದು? ಆ ಕೆಲಸಕ್ಕೆ ಮಾತ್ರ ಮಗ್ಗದ ಕಣ್ಣೇ ಬೇಕಿತ್ತು.

ಗುರುವಾರ ಮತ್ತೆ ಹೋದೆವು. ಈ ಸಲ ಅಕ್ಕ ಕರ್ಪೂರ ಹಚ್ಚಲಿಲ್ಲ, ನಾನು ಎದೆಯುಬ್ಬಿಸಲೂ ಇಲ್ಲ. ನಡುವಿನ ತೂತಿಗೆ ಪಿನ್ನು ಹಾಕಿ, ಕೈ ಎತ್ತಿದೆ. ಜೀಪು ಮುಂದಕ್ಕೆ ಹೋಯಿತು. ಇಂಜಿನ್ನಿನ ದನಿ ಕೆಳಗಿಳಿದು ಗಟ್ಟಿಯಾಯಿತು. ಆ ದನಿ ಕೇಳಿಯೇ ನನಗೆ ಗೊತ್ತಾಯಿತು, ನೆಲ ಹಿಡಿದಿದೆ. ಎಂಟೂ ತಟ್ಟೆಗಳು ಕೆಂಪು ಮಣ್ಣನ್ನು ಕತ್ತರಿಸಿ, ಹೊತ್ತು, ಹೊರಳಿಸಿ, ಎಡಕ್ಕೂ ಬಲಕ್ಕೂ ಚೆಲ್ಲುತ್ತಾ ಹೋದವು. ವರ್ಷದಿಂದ ಗಾಳಿ ಕಾಣದ ಮಣ್ಣಿನ ವಾಸನೆ ಗಮ್ಮೆಂದು ಎದ್ದಿತು. ಎಲ್ಲಿದ್ದವೋ ಏನೋ, ಬೆಳ್ಳಕ್ಕಿಗಳು ಬಂದು ನಮ್ಮ ಹಿಂದೆ ಇಳಿದವು.

ನಾನು ಕುಣಿದೆ. ಐವತ್ತು ದಾಟಿದ ಗಂಡಸು ಹೊಲದ ನಡುವೆ ಕುಣಿಯಬಾರದು ಎಂದು ಎಲ್ಲಿಯೂ ಬರೆದಿಲ್ಲ. ಗೆಳೆಯ ಹಾರನ್ ಹೊಡೆದೇ ಹೊಡೆದ. ಅಕ್ಕ ಬಗ್ಗಿ ಒಂದು ಮುಷ್ಟಿ ಮಣ್ಣು ಎತ್ತಿ, ಹಿಸುಕಿ, ಉದುರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬಂತು" ಎಂದಳು. ಅಷ್ಟೇ. ಆ ಒಂದು ಮಾತಿಗೆ ನಾನು ಇನ್ನೂ ಹತ್ತು ಡಿಸ್ಕು ಮಾಡಲು ತಯಾರಿದ್ದೆ.

ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಮತ್ತೆ ಉದ್ದಕ್ಕೆ. ಶನಿವಾರದ ಹೊತ್ತಿಗೆ ಹೊಲ ರವೆಯಂತಾಗಿತ್ತು. ಕಿತ್ತ ಗರಿಕೆಯನ್ನು ಅಕ್ಕ, ಅವಳ ಸೊಸೆ, ರಜೆ ಹಾಕಿ ಬಂದ ಮಗ ಎಲ್ಲ ಸೇರಿ ಬಳಿದು ಬದುವಿಗೆ ಹಾಕಿದರು. ಲೀಸಿಗೆ ಕೊಡು ಎಂದಿದ್ದ ಆ ಮಗನೇ ಮುಂದೆ ನಿಂತು ಗೊಬ್ಬರ ಚೆಲ್ಲಿದ. ಅಕ್ಕ ರಾಗಿಗೆ ಸಣ್ಣ ಮರಳು ಬೆರೆಸಿ, ಮಡಿಲಲ್ಲಿ ಕಟ್ಟಿಕೊಂಡು, ಹೆಜ್ಜೆಗೊಂದು ಹಿಡಿ ಎರಚುತ್ತಾ ನಡೆದಳು. ಅಲ್ಲಲ್ಲಿ ಅವರೆಯ ಸಾಲು ಬಿಟ್ಟಳು. ಬುಧವಾರವೇ ಹುಟ್ಟಿದ್ದ ಪುಷ್ಯ ಮಳೆ ಅವತ್ತು ಸಂಜೆ ಸಣ್ಣಗೆ ಹನಿಯತೊಡಗಿತು.

ಟ್ರ್ಯಾಕ್ಟರಿನವನಿಗೆ ಸುದ್ದಿ ಹೋಗಿತ್ತು. ಬಸ್‌ಸ್ಟಾಂಡಿನಲ್ಲಿ ಸಿಕ್ಕಿ, "ಏನ್ ಗುರು, ನನ್ ಡಿಸ್ಕು ಯಾವಾಗ ತರ್ಲಿ? ನೇರ ಮಾಡ್ಕೊಡ್ತೀನಿ ಅಂದಿದ್ದೆ" ಎಂದು ಎಲ್ಲರ ಮುಂದೆ ಕೇಳಿದ. ನನಗೆ ನಗದೆ ವಿಧಿಯಿರಲಿಲ್ಲ. ಆದರೆ ಆಮೇಲೆ ಅವನೇ ದನಿ ತಗ್ಗಿಸಿ, ತಾನು ಹೋಗಲಾರದ ಓಣಿಗಳ ಹಿಂದೆ ಇನ್ನೂ ಐದಾರು ಜನರ ಹೊಲ ಬೀಳುಬಿದ್ದಿದೆ, ಅವರನ್ನು ನಿನ್ನ ಹತ್ತಿರ ಕಳಿಸಲೇ ಎಂದು ಕೇಳಿದ. ಕಳಿಸು ಎಂದೆ.

ಪುಷ್ಯ ಮಳೆ ಮುಗಿದ ಮೇಲೆ ಲೇಔಟಿನ ಯಜಮಾನರು ಪೇಪರ್ ಹಿಡಿದುಕೊಂಡು ಬಂದರು. ಅವತ್ತು ನಾನೂ ಅಲ್ಲೇ ಇದ್ದೆ. ಡಿಸ್ಕಿನ ಫ್ರೇಮಿನ ಮೇಲೆ ನನ್ನ ಹೆಸರು ಬರೆಯಲು ಬೆಸುಗೆ ಮಷೀನು ಹೊತ್ತುಕೊಂಡು ಹೋಗಿದ್ದೆ.

"ಏನಮ್ಮಾ, ಆ ಖಾಲಿ ಜಾಗದ ವಿಷಯ..." ಎಂದು ಅವರು ಶುರುಮಾಡಿದರು.

"ಬನ್ನಿ ಸ್ವಾಮಿ, ನೋಡ್ಕೊಂಡ್ ಬರೋಣ" ಎಂದು ಅಕ್ಕ ಓಣಿಯಲ್ಲಿ ಮುಂದೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ಮೋರಿಯ ತಿರುವು ದಾಟಿದ್ದೇ ಹೊಲದ ತುಂಬ ನಾಲ್ಕು ಬೆರಳೆತ್ತರದ ರಾಗಿ ಪೈರು. ಅವರು ಬಗ್ಗಿ ಒಂದು ಪೈರನ್ನು ಮುಟ್ಟಿ ನೋಡಿದರು. "ಟ್ರ್ಯಾಕ್ಟರ್ ಬರೋ ಹಾಗೇ ಇಲ್ವಲ್ಲಮ್ಮ, ಹೇಗೆ ಉತ್ತಿರಿ?" ಎಂದರು.

ಅಕ್ಕ ಹೊಂಗೆ ಮರದ ಕೆಳಗೆ ನಿಂತಿದ್ದ ಡಿಸ್ಕನ್ನು ತೋರಿಸಿದಳು. "ಅದ್ರಲ್ಲಿ. ನನ್ ತಮ್ಮ ಮಾಡಿದ್ದು."

ಯಜಮಾನರು ಹತ್ತಿರ ಹೋಗಿ ಒಂದು ಕಣ್ಣು ಕಿರಿದು ಮಾಡಿ ನೋಡಿದರು. "ಸ್ವಲ್ಪ ಸೊಟ್ಟಗಿರೋ ಹಾಗಿದೆಯಲ್ಲಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಮೊದ್ಲು ನೆಟ್ಟಗೇ ಮಾಡಿದ್ದ ಸ್ವಾಮಿ. ಆವಾಗ ಜಾಗ ಖಾಲಿ ಇತ್ತು."

ಅವರು ಪೇಪರನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಅಕ್ಕ ಕೊಟ್ಟ ಮಜ್ಜಿಗೆ ಕುಡಿದು, ಅವರೆಕಾಯಿ ಕಾಲಕ್ಕೆ ಬರುತ್ತೇನೆ ಎಂದು ಹೇಳಿ ಹೋದರು.